ಗೋಬರ್ ಗ್ಯಾಸ್ ಪೈಪಿನೊಳಗೆ ಸೂಕ್ಷ್ಮಾಣು ತುಕ್ಕು: ಕೊಡಗಿನ ತೋಟದ ಮನೆಗಳಿಗೆ ಪತ್ತೆ, ಪರೀಕ್ಷೆ ಮತ್ತು ತಡೆಯ ಸಮಗ್ರ ಮಾರ್ಗದರ್ಶಿ

ಗೋಬರ್ ಗ್ಯಾಸ್ ಒಲೆಯ ಜ್ವಾಲೆ ನೆಟ್ಟಗೆ ನಿಲ್ಲದೆ ಕುಣಿಯತೊಡಗಿದರೆ ಹೆಚ್ಚಿನ ಮನೆಗಳಲ್ಲಿ ದೂರು ಮೊದಲು ಬರ್ನರಿನ ಮೇಲೆ ಹೋಗುತ್ತದೆ, ಆಮೇಲೆ ಸಗಣಿಯ ಮೇಲೆ, ಕೊನೆಗೆ ಪ್ಲಂಬರನ ಮೇಲೆ. ಗುಂಡಿಯಿಂದ ಅಡುಗೆಮನೆಯವರೆಗೆ ಬರುವ ಕಬ್ಬಿಣದ ಪೈಪಿನ ಒಳಮೈ ಹೇಗಿದೆ ಎಂದು ಕೇಳುವವರು ಕಡಿಮೆ. ಹೊರಗೆ ಬಣ್ಣ ಬಳಿದುಕೊಂಡು ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಪೈಪು ಎಲ್ಬೋ ಪಕ್ಕದ ಥ್ರೆಡ್ಡಿನಲ್ಲಿ ಸೋರತೊಡಗಿದಾಗ, ಅಥವಾ ಮಣ್ಣಿನಡಿಯಲ್ಲಿ ತೂತಾಗಿ, ಅನಿಲ ಹಿಡಿದಿಡುವ ತೇಲುವ ಡ್ರಮ್ಮು ಏರದೆ ಕುಳಿತಾಗಲೇ ಆ ಪ್ರಶ್ನೆ ಏಳುತ್ತದೆ. ಈ ಮಾರ್ಗದರ್ಶಿಯನ್ನು ಕೊಡಗಿನ ತೋಟಗಳಲ್ಲಿ ದನದ ಸಗಣಿ, ಹಂದಿಗೂಡಿನ ತೊಳೆನೀರು ಅಥವಾ ಕಾಫಿ ಪಲ್ಪಿಂಗಿನ ನೀರು ಹಾಕಿ ನಡೆಸುವ ಅನಿಲ ಸ್ಥಾವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ನೂರಾರು ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಉಕ್ಕಿನ ಕೊಳವೆಮಾರ್ಗಗಳಲ್ಲಿ ನಡೆಯುವುದೂ ಮೂಲತಃ ಇದೇ ಸೂಕ್ಷ್ಮಾಣು ತುಕ್ಕು, ಅಂದರೆ ಒಳಮೈಗೆ ಅಂಟಿದ ಬ್ಯಾಕ್ಟೀರಿಯಾದಿಂದ ಕಬ್ಬಿಣ ಸವೆಯುವುದು, ಆಗಿರುವುದರಿಂದ, ಇಲ್ಲಿ ಹೇಳುವ ಪರೀಕ್ಷೆಗಳು ಬಹುಮಟ್ಟಿಗೆ ಆ ಉದ್ಯಮದಿಂದಲೇ ಬಂದವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದು ಹುಡುಕುವುದಕ್ಕಿಂತ ಪೈಪಿನಲ್ಲಿ ನೀರು ನಿಲ್ಲದಂತೆ ಮಾಡುವುದು ಹತ್ತು ಪಾಲು ಮುಖ್ಯ. ಬ್ಯಾಕ್ಟೀರಿಯಾ ಲೈನಿನ ಉದ್ದಕ್ಕೂ ಇರುತ್ತವೆ, ಆದರೆ ತೂತು ಬೀಳುವುದು ನೀರೂ ಮಡ್ಡಿಯೂ ಸೇರಿ ನಿಂತ ಜಾಗದಲ್ಲಿ.

ಪೈಪಿನೊಳಗೆ ನಡೆಯುವುದೇನು

ಗುಂಡಿಯಿಂದ ಹೊರಡುವ ಅನಿಲದಲ್ಲಿ ಸಾಮಾನ್ಯವಾಗಿ ಶೇಕಡಾ 55ರಿಂದ 65ರಷ್ಟು ಮೀಥೇನ್ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದರೊಂದಿಗೆ ಕೆಲವು ನೂರರಿಂದ ಕೆಲವು ಸಾವಿರ ಪಿಪಿಎಂವರೆಗೆ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಎಂಬ ಅಳತೆ) ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಇಷ್ಟೇ ಅಲ್ಲ, ಆ ಅನಿಲ ತನ್ನ ಉಷ್ಣತೆಯಲ್ಲಿ ಹಿಡಿಯಬಹುದಾದಷ್ಟು ನೀರಾವಿಯನ್ನೂ ಹೊತ್ತುಕೊಂಡೇ ಬರುತ್ತದೆ. 25 ಡಿಗ್ರಿಯ ಒಂದು ಘನ ಮೀಟರ್ ಅನಿಲದಲ್ಲಿ ಸುಮಾರು 23 ಗ್ರಾಂ ನೀರಾವಿ ಇದ್ದರೆ, 12 ಡಿಗ್ರಿಗೆ ತಣಿದಾಗ ಅದರಲ್ಲಿ ಉಳಿಯುವುದು ಹೆಚ್ಚುಕಡಿಮೆ 11 ಗ್ರಾಂ. ಉಳಿದ 12 ಗ್ರಾಂ ಪೈಪಿನ ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ಮಡಿಕೇರಿ, ಸೋಮವಾರಪೇಟೆ ಕಡೆಯ ಜನವರಿ ರಾತ್ರಿಗಳಲ್ಲಿ ನೆಲದ ಮೇಲೆ ಹಾದುಹೋಗುವ ಪೈಪು ಇಷ್ಟು ತಣಿಯುವುದು ಅಪರೂಪವೇನಲ್ಲ. ದಿನಕ್ಕೆ 6 ಘನ ಮೀಟರ್ ಅನಿಲ ಕೊಡುವ ಸ್ಥಾವರದಲ್ಲಿ ಎಲ್ಲ ಅನಿಲವೂ ಹೀಗೆ ತಣಿದರೆ ತಿಂಗಳಿಗೆ ಎರಡು ಲೀಟರಿಗೂ ಮಿಕ್ಕಿ ನೀರು ಸೇರುತ್ತದೆ. ಒಂದು ಇಂಚಿನ ಪೈಪು ಮೀಟರಿಗೆ ಅರ್ಧ ಲೀಟರಿಗಿಂತ ಸ್ವಲ್ಪವೇ ಹೆಚ್ಚು ಹಿಡಿಯುವುದರಿಂದ, ಆ ನೀರು ಮೂರು ಮೀಟರಿಗೂ ಹೆಚ್ಚು ಉದ್ದದ ಪೈಪನ್ನು ಪೂರ್ತಿಯಾಗಿ ತುಂಬಬಲ್ಲದು.

ಈ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ನೀರು ಸೌಮ್ಯ ಆಮ್ಲವಾಗುತ್ತದೆ. ಜಿ.ಐ. ಪೈಪಿನ ಸತುವಿನ ಲೇಪ ಇಂಥ ಆಮ್ಲೀಯ ನೀರಿನ ಮುಂದೆ ಬಹಳ ಕಾಲ ನಿಲ್ಲುವುದಿಲ್ಲ. ಆದುದರಿಂದ "ಜಿ.ಐ. ಹಾಕಿದ್ದೇವೆ, ತುಕ್ಕಿನ ಚಿಂತೆಯಿಲ್ಲ" ಎನ್ನುವ ಧೈರ್ಯ ಪೈಪಿನ ಹೊರಮೈಗೆ ಸಲ್ಲುತ್ತದೆಯೇ ಹೊರತು ಒಳಮೈಗೆ ಸಲ್ಲದು.

ಆದರೆ ಆವಿಯಿಂದ ಇಳಿದ ನೀರು ಬಟ್ಟಿ ಇಳಿಸಿದ ನೀರಿಗೆ ಸಮ. ಅದರಲ್ಲಿ ಸೂಕ್ಷ್ಮಾಣುಗಳಿಗೆ ತಿನ್ನಲು ಏನೂ ಇರುವುದಿಲ್ಲ. ಅವಕ್ಕೆ ಊಟ ಬರುವುದು ನೊರೆಯ ಮೂಲಕ. ಅರೇಬಿಕಾ ಹಣ್ಣನ್ನು ಪಲ್ಪ್ ಮಾಡುವ ನವೆಂಬರ್–ಜನವರಿಯ ದಿನಗಳಲ್ಲಿ ತೊಳೆನೀರನ್ನು ಒಮ್ಮೆಲೇ ಗುಂಡಿಗೆ ಬಿಟ್ಟರೆ, ಅದರಲ್ಲಿನ ಸಕ್ಕರೆ ಮತ್ತು ಲೋಳೆ ವೇಗವಾಗಿ ಹುಳಿಯುತ್ತವೆ, ಸ್ಲರಿ (ಗುಂಡಿಯೊಳಗಿನ ಬಗ್ಗಡ) ನೊರೆಯೇಳುತ್ತದೆ, ಆ ನೊರೆ ಅನಿಲದ ಬಾಯಿಯವರೆಗೆ ಏರಿ ಪೈಪಿಗೆ ನುಗ್ಗುತ್ತದೆ. ಒಂದು ಸಲ ಹೀಗೆ ನುಗ್ಗಿದ ನೊರೆ ಸಲ್ಫೇಟ್, ಅಸಿಟಿಕ್ ಆಮ್ಲ, ಸಾರಜನಕ ಮತ್ತು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ, ಇವೆಲ್ಲವನ್ನೂ ತಗ್ಗಿನ ನೀರಿಗೆ ಸೇರಿಸಿಬಿಡುತ್ತದೆ. ರೊಬಸ್ಟಾವನ್ನು ಕಣದಲ್ಲಿ ಚೆರಿಯಾಗಿಯೇ ಒಣಗಿಸುವ ತೋಟಗಳಿಗೆ ಈ ಒಂದು ತೊಂದರೆ ಇರುವುದಿಲ್ಲ.

ತಗ್ಗಿನಲ್ಲಿ ನೆಲೆಯೂರುವ ಜೀವಿಗಳಲ್ಲಿ ಮೂರು ಗುಂಪುಗಳನ್ನು ತಿಳಿದುಕೊಂಡರೆ ಸಾಕು. ಮೊದಲನೆಯದು ಸಲ್ಫೇಟನ್ನು ಸಲ್ಫೈಡಾಗಿಸುವ, ಗಾಳಿ ಬೇಡದ ಬ್ಯಾಕ್ಟೀರಿಯಾ. ಉದ್ಯಮದಲ್ಲಿ ಇವನ್ನು ಎಸ್‌ಆರ್‌ಬಿ ಎನ್ನುತ್ತಾರೆ, ಡೀಸಲ್ಫೋವಿಬ್ರಿಯೊ ಇವುಗಳಲ್ಲಿ ಹೆಚ್ಚು ಪರಿಚಿತ. ಕಬ್ಬಿಣದ ಮೇಲೆ ಇವು ಹೇಗೆ ಕೆಲಸ ಮಾಡುತ್ತವೆ ಎಂಬ ಚರ್ಚೆ ಹಳೆಯದು. 1934ರಲ್ಲಿ ನೆದರ್ಲೆಂಡ್ಸಿನ ಫಾನ್ ವೊಲ್ಟ್ಸೊಖೆನ್ ಕ್ಯೂರ್ ಮತ್ತು ಫಾನ್ ಡೆರ್ ಫ್ಲುಖ್ಟ್ ಎಂಬವರು, ಕಬ್ಬಿಣದ ಮೈಮೇಲೆ ಹುಟ್ಟುವ ಹೈಡ್ರೋಜನ್ನನ್ನು ಈ ಬ್ಯಾಕ್ಟೀರಿಯಾ ಕಬಳಿಸುವುದರಿಂದ ತುಕ್ಕು ನಿಲ್ಲದೆ ಸಾಗುತ್ತದೆ ಎಂದು ವಿವರಿಸಿದರು. 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇವುಗಳಲ್ಲಿ ಕೆಲವು ಹೈಡ್ರೋಜನ್ನಿಗಾಗಿ ಕಾಯದೆ ಕಬ್ಬಿಣದಿಂದ ಎಲೆಕ್ಟ್ರಾನುಗಳನ್ನು ಇನ್ನೂ ನೇರವಾಗಿ ಸೆಳೆದುಕೊಳ್ಳುತ್ತವೆ ಎಂಬುದಕ್ಕೆ ಪುರಾವೆ ಒದಗಿಸಿತು. ಎರಡನೆಯ ಗುಂಪು ಅಸಿಟಿಕ್ ಆಮ್ಲದಂಥ ಸಾವಯವ ಆಮ್ಲಗಳನ್ನು ಹುಟ್ಟಿಸುವ ಬ್ಯಾಕ್ಟೀರಿಯಾ. ಲೋಳೆಪದರದ ಅಡಿಯಲ್ಲಿ ಇವು ಮಾಡುವ ಹುಳಿ ಮೇಲಿನ ನೀರನ್ನು ಅಳೆದಾಗ ಕಾಣಿಸುವುದಿಲ್ಲ.

ಮೂರನೆಯ ಗುಂಪಿನದು ತದ್ವಿರುದ್ಧ ಸ್ವಭಾವ: ಅವಕ್ಕೆ ಗಾಳಿ ಬೇಕು. ಪೈಪುಗಳ ಸಡಿಲಾದ ಯೂನಿಯನ್ ಜೋಡಣೆಯಿಂದಲೋ ಡ್ರಮ್ಮು ಪೂರ್ತಿ ಕುಳಿತಾಗಲೋ ಲೈನಿಗೆ ಸ್ವಲ್ಪ ಗಾಳಿ ಸೇರಿದರೆ, ಗಂಧಕವನ್ನು ಉಣ್ಣುವ ಈ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡನ್ನು ಗಂಧಕವಾಗಿಯೂ ಮುಂದೆ ಗಂಧಕಾಮ್ಲವಾಗಿಯೂ ಮಾರ್ಪಡಿಸುತ್ತವೆ. ಅನಿಲದ ವಾಸನೆ ಕಳೆಯಲೆಂದು ಗುಂಡಿಯ ಮೇಲ್ಭಾಗಕ್ಕೆ ಅಳತೆಯ ಗಾಳಿ ಬಿಡುವ ಪದ್ಧತಿ ದೊಡ್ಡ ಸ್ಥಾವರಗಳಲ್ಲಿ ಇದೆ. ಅಳತೆಯ ಉಪಕರಣವಿಲ್ಲದ ಮನೆಯ ಸ್ಥಾವರದಲ್ಲಿ ಅದನ್ನು ಅನುಕರಿಸುವುದು ಸ್ಫೋಟಕ್ಕೂ ಆಮ್ಲಕ್ಕೂ ಒಟ್ಟಿಗೆ ಬಾಗಿಲು ತೆರೆದಂತೆ.

ತಗ್ಗಿನಲ್ಲಿ ನಿಂತ ನೀರು ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕಾರ್ಲ್ಸ್‌ಬ್ಯಾಡ್ ಬಳಿ 2000ದ ಆಗಸ್ಟ್ 19ರಂದು ನಡೆದ ದುರಂತ ಸಾಕ್ಷಿ. 30 ಇಂಚಿನ ನೈಸರ್ಗಿಕ ಅನಿಲದ ಕೊಳವೆ ಪೆಕೋಸ್ ನದಿಯ ಪಕ್ಕದಲ್ಲಿ ಒಡೆದು ಹೊತ್ತಿಕೊಂಡು, ಹತ್ತಿರ ಬಿಡಾರ ಹೂಡಿದ್ದ 12 ಮಂದಿ ಸತ್ತರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ ಸೂಕ್ಷ್ಮಾಣುಗಳು, ತೇವ, ಕ್ಲೋರೈಡ್, ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಸೇರಿ ಒಳಗೋಡೆಯನ್ನು ತಿಂದಿದ್ದಿರಬೇಕು. ದ್ರವ ಹಿಡಿಯಲೆಂದೇ ಇದ್ದ ಡ್ರಿಪ್ ಎಂಬ ವ್ಯವಸ್ಥೆ ಭಾಗಶಃ ಕಟ್ಟಿಕೊಂಡಿದ್ದರಿಂದ, ಅದನ್ನು ದಾಟಿ ಬಂದ ದ್ರವ ಕೊಳವೆ ಬಾಗಿ ತಗ್ಗಾಗಿದ್ದ ಜಾಗದಲ್ಲಿ ನಿಂತಿತ್ತು. ನಮ್ಮ ಲೈನಿನ ಒತ್ತಡ ಅದರ ಮುಂದೆ ಏನೇನೂ ಅಲ್ಲ, ಆದರೆ ಕಟ್ಟಿಕೊಂಡ ಟ್ರ್ಯಾಪೂ (ಲೈನಿನ ನೀರು ಹಿಡಿಯುವ ವ್ಯವಸ್ಥೆ) ಅದರಾಚೆಯ ತಗ್ಗೂ ನಮ್ಮಲ್ಲಿ ಮನೆಮನೆಯಲ್ಲಿವೆ.

ಕೈಹಾಕುವ ಮುನ್ನ

ಗುಂಡಿಯ ಬಳಿಯ ಮುಖ್ಯ ವಾಲ್ವನ್ನು ಮುಚ್ಚಿ, ಲೈನಿನ ಎರಡೂ ತುದಿಗಳನ್ನು ತೆರೆದು, ಕನಿಷ್ಠ ಅರ್ಧ ಗಂಟೆ ಗಾಳಿಯಾಡಲು ಬಿಡಿ. ಅಡುಗೆಮನೆಯ ಕಡೆಯ ತುದಿಯನ್ನು ಒಲೆಯ ಬಳಿಯಲ್ಲಿ ತೆರೆಯದೆ, ಗೋಡೆಯ ಹೊರಗಿನ ಜೋಡಣೆಯಲ್ಲೇ ಬಿಚ್ಚಬೇಕು. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ಬೀಡಿ, ಮೊಬೈಲ್ ಟಾರ್ಚ್, ಗ್ರೈಂಡರ್ ಎಲ್ಲವೂ ದೂರ ಇರಲಿ.

ಬೆಂಕಿಗಿಂತ ನಾನು ಹೆಚ್ಚು ಹೆದರುವುದು ಹೈಡ್ರೋಜನ್ ಸಲ್ಫೈಡಿಗೆ. ಅದರ ಸಾಂದ್ರತೆ ಸುಮಾರು 100 ಪಿಪಿಎಂ ದಾಟುವಾಗ ಮೂಗು ಮರಗಟ್ಟಿ ವಾಸನೆ ತಿಳಿಯುವುದೇ ನಿಂತುಹೋಗುತ್ತದೆ, 500 ಪಿಪಿಎಂ ಮೀರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ. "ವಾಸನೆ ಹೋಯಿತು, ಈಗ ಇಳಿಯಬಹುದು" ಎಂಬ ಲೆಕ್ಕಾಚಾರದಲ್ಲಿ ಸತ್ತವರಿದ್ದಾರೆ. ಗೋಬರ್ ಗ್ಯಾಸ್ ಗುಂಡಿಗಾಗಲಿ, ನೆಲಮಟ್ಟಕ್ಕಿಂತ ಕೆಳಗಿರುವ ಟ್ರ್ಯಾಪಿನ ಹೊಂಡಕ್ಕಾಗಲಿ ಯಾರೂ ಇಳಿಯಬಾರದು, ತಲೆಯನ್ನೂ ಬಗ್ಗಿಸಬಾರದು. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಇಳಿಯುವುದರಿಂದಲೇ ಇಂಥ ಅಪಘಾತಗಳಲ್ಲಿ ಸಾವಿನ ಸಂಖ್ಯೆ ಏರುತ್ತದೆ.

ಹಂತ 1: ಲೈನಿನ ಏರುತಗ್ಗುಗಳನ್ನು ಗುರುತಿಸುವುದು

ಕೊಡಗಿನ ಇಳಿಜಾರಿನಲ್ಲಿ ಕಣ್ಣಂದಾಜು ಮೋಸಮಾಡುತ್ತದೆ. ಇಡೀ ಲೈನು ಇಳಿಯುತ್ತಿದೆ ಎಂದು ತೋರುವಲ್ಲಿ ನಡುವೆ ಎರಡು ಕಡೆ ಹೊಟ್ಟೆಬಿಟ್ಟಿರುತ್ತದೆ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬ್ ಲೆವೆಲ್ ತೆಗೆದುಕೊಂಡು, ಪ್ರತಿ ಎರಡು ಮೀಟರಿಗೆ ಪೈಪಿನ ಮಟ್ಟವನ್ನು ಅಳೆದು ಕಾಗದದ ಮೇಲೆ ಗೆರೆ ಎಳೆಯಿರಿ. ಆಧಾರಕಂಬ ವಾಲಿದ ಜಾಗ, ದಾರಿಯಡಿಯಲ್ಲಿ ಹೂತು ಹೋದ ಜಾಗ, ಮಳೆಗಾಲದಲ್ಲಿ ಮಣ್ಣು ಕುಸಿದ ಬರೆಯ ಅಂಚು, ಕಾಡಾನೆ ತುಳಿದು ಬಗ್ಗಿಸಿದ ತುಂಡು, ಇವೆಲ್ಲವನ್ನೂ ಗುರುತು ಹಾಕಿ. ಬಳಕೆಯಿಲ್ಲದೆ ಮುಚ್ಚಿಟ್ಟ ಕವಲುಗಳನ್ನಂತೂ ಬಿಡಲೇಬೇಡಿ: ಕಾರ್ಮಿಕರ ಲೈನ್ ಮನೆಗೆಂದು ಹಿಂದೆ ಎಳೆದು ಈಗ ಬೂಚು ಹಾಕಿದ ಟೀ (ಮೂರು ಬಾಯಿಯ ಜೋಡಣೆ) ಇದ್ದರೆ, ಅಲ್ಲಿ ಅನಿಲದ ಹರಿವಿಲ್ಲ, ನೀರು ಕದಲುವುದಿಲ್ಲ, ತುಕ್ಕು ಎಲ್ಲಕ್ಕಿಂತ ಮೊದಲು ಅಲ್ಲೇ ಹಿಡಿಯುತ್ತದೆ.

ಹಂತ 2: ನೀರನ್ನು ಇಳಿಸಿ ನೋಡುವುದು

ಅತಿ ತಗ್ಗಿನ ಜೋಡಣೆಯನ್ನು ಬಿಚ್ಚಿ ಮೊದಲು ಬರುವ ನೀರನ್ನೇ ಶುದ್ಧ ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಮುಚ್ಚಬೇಕು. ಇನ್ನೊಂದು ಪಾತ್ರೆಯಲ್ಲಿ ಹಿಡಿದ ನೀರಿಗೆ ಅಲ್ಲಿಯೇ ಹುಳಿಯನ್ನು ಅಳೆಯುವ ಪಿಎಚ್ ಕಾಗದ ಅದ್ದಿ ನೋಡಿ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಮನೆಗೆ ತಂದು ಮರುದಿನ ನೋಡಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಅಂಕಿ ಬದಲಾಗಿರುತ್ತದೆ.

ಪಿಎಚ್ 5–6ರ ಆಸುಪಾಸಿನಲ್ಲಿದ್ದರೆ ಅದು ಕಾರ್ಬನ್ ಡೈಆಕ್ಸೈಡ್ ಕರಗಿದ ಸಾಮಾನ್ಯ ನೀರು. 4ರ ಹತ್ತಿರವಿದ್ದರೆ ಸಾವಯವ ಆಮ್ಲದ ಮೇಲೆ, ಅಂದರೆ ಹುಳಿತ ನೊರೆ ಬಂದಿರುವುದರ ಮೇಲೆ, ಅನುಮಾನ ಪಡಬೇಕು. 3ಕ್ಕಿಂತ ಕೆಳಗಿಳಿದಿದ್ದರೆ ಬಹುತೇಕ ಗಂಧಕಾಮ್ಲವೇ. ಹಾಗಿದ್ದಲ್ಲಿ ಮೇಲಿನ ಯಾವುದೋ ಜೋಡಣೆಯಿಂದ ಗಾಳಿ ಒಳಬರುತ್ತಿದೆ, ಅದನ್ನು ಹುಡುಕದೆ ಮುಂದಿನ ಯಾವ ಕೆಲಸ ಮಾಡಿಯೂ ಪ್ರಯೋಜನವಿಲ್ಲ. ಪೈಪಿನ ಬಾಯಲ್ಲಿ ಹಳದಿ ಗಂಧಕದ ಪುಡಿ ಅಂಟಿದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ನೀರಿನಲ್ಲಿ ಸ್ಲರಿಯ ಕಣಗಳು, ನಾರು ಕಾಣಿಸಿದರೆ ನೊರೆ ನುಗ್ಗಿದ್ದು ಖಚಿತ.

ಹಂತ 3: ಪೈಪನ್ನು ಸೀಳಿ ಒಳಮೈ ನೋಡುವುದು

ಇಡೀ ಕೆಲಸದಲ್ಲಿ ಹೆಚ್ಚು ತಿಳಿವಳಿಕೆ ಕೊಡುವ ಹಂತ ಇದು. ತಗ್ಗಿನಿಂದ ಒಂದಡಿ ಉದ್ದದ ತುಂಡು, ಹೋಲಿಕೆಗಾಗಿ ಎತ್ತರದ ಒಣ ಜಾಗದಿಂದ ಇನ್ನೊಂದು ತುಂಡು ಬೇಕು. ತೆಗೆಯುವ ಮೊದಲೇ ಯಾವುದು ಮೇಲ್ಮೈ, ಅನಿಲ ಯಾವ ಕಡೆಗೆ ಹರಿಯುತ್ತಿತ್ತು ಎಂದು ಪೇಂಟಿನಲ್ಲಿ ಬಾಣದ ಗುರುತು ಹಾಕಿ. ಹ್ಯಾಕ್ಸಾ ಬ್ಲೇಡಿನಲ್ಲೇ, ನೀರು ಹನಿಸುತ್ತಾ ಕತ್ತರಿಸಬೇಕು. ಗ್ಯಾಸ್ ಕಟ್ಟರ್ ಅಥವಾ ವೆಲ್ಡಿಂಗ್ ಅಪಾಯಕರ, ಜೊತೆಗೆ ಶಾಖಕ್ಕೆ ಮಡ್ಡಿಯ ಗುಣವೇ ಬದಲಾಗುತ್ತದೆ.

ತುಂಡನ್ನು ಉದ್ದಕ್ಕೆ ಸೀಳಿದಾಗ ಕೆಳಭಾಗದಲ್ಲಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಐದರಿಂದ ಏಳು ಗಂಟೆಯ ನಡುವೆ, ಕಾಫಿ ಗಸಿಯಂಥ ಕಪ್ಪು ಮಡ್ಡಿ ಪಟ್ಟಿಯಾಗಿ ಕುಳಿತಿರುತ್ತದೆ. ಬೆರಳಿನಿಂದ ಒತ್ತಿದರೆ ಮೇಲೆ ಜಾರುವ ಲೋಳೆ, ಅಡಿಯಲ್ಲಿ ಗಟ್ಟಿ ಹಕ್ಕಳೆ. ಆ ಹಕ್ಕಳೆಯನ್ನು ಮರದ ಕಡ್ಡಿಯಿಂದ ಎಬ್ಬಿಸಿದರೆ ಕೆಳಗೆ ದುಂಡಗಿನ ಕುಳಿ, ಕುಳಿಯ ತಳದಲ್ಲಿ ಆಗತಾನೇ ಉಜ್ಜಿದಂತೆ ಹೊಳೆಯುವ ಲೋಹ. ಗಾಳಿ ತಾಗಿ ಸ್ವಲ್ಪ ಹೊತ್ತಾಗುತ್ತಲೇ ಆ ಹೊಳಪು ಕಂದುಬಣ್ಣಕ್ಕೆ ತಿರುಗುತ್ತದೆ. ಹೊಳೆಯುವ ತಳವಿದ್ದರೆ ಕುಳಿ ಇನ್ನೂ ಬೆಳೆಯುತ್ತಿದೆ ಎಂದು ತಿಳಿಯಬಹುದು. ತೊಳೆಯುವ ಮೊದಲೇ ಫೋಟೋ ತೆಗೆಯಿರಿ, ಮಡ್ಡಿಯನ್ನು ಶುದ್ಧ ಬಾಟಲಿಗೆ ಕೆರೆದುಕೊಳ್ಳಿ. ಸೂಕ್ಷ್ಮಾಣು ಪರೀಕ್ಷೆಗೆ ನೀರಿಗಿಂತ ಈ ಮಡ್ಡಿಯೇ ಮುಖ್ಯ. ಕೆಡುಕು ಮಾಡುವವು ಗೋಡೆಗೆ ಅಂಟಿಕೊಂಡವು, ನೀರಿನಲ್ಲಿ ತೇಲುವವು ಅವುಗಳ ಅಲ್ಪ ಭಾಗ.

ಒಂದು ಎಚ್ಚರಿಕೆ. ಈ ಕಪ್ಪು ವಸ್ತುವಿನಲ್ಲಿ ಬಹುಪಾಲು ಕಬ್ಬಿಣದ ಸಲ್ಫೈಡ್. ಅದು ಪೂರ್ತಿ ಒಣಗಿ ಗಾಳಿಗೆ ತೆರೆದುಕೊಂಡರೆ ತಾನಾಗಿಯೇ ಕಾದು ಕೆಂಡವಾಗಬಲ್ಲದು. ಸೀಳಿದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಡಿ.

ಮಡ್ಡಿಯ ಗುರುತು ಹಿಡಿಯಲು ಸರಳ ಉಪಾಯವಿದೆ. ಅದರ ಒಂದು ಚಿಟಿಕೆಗೆ, ತೆರೆದ ಜಾಗದಲ್ಲಿ, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟು, ಮೇಲೆ ಲೆಡ್ ಅಸಿಟೇಟ್ ಕಾಗದವನ್ನು ಹಿಡಿಯಿರಿ. ಕಾಗದ ಕಪ್ಪಾದರೆ ಸಲ್ಫೈಡ್. ಗುಳ್ಳೆಯೆದ್ದೂ ಕಾಗದ ಕಪ್ಪಾಗದಿದ್ದರೆ ಕಬ್ಬಿಣದ ಕಾರ್ಬೊನೇಟ್, ಅಂದರೆ ಕಾರ್ಬನ್ ಡೈಆಕ್ಸೈಡಿನ ಕೆಲಸ. ಮೂಗಿನಿಂದ ಪರೀಕ್ಷಿಸಬೇಡಿ, ಕಾಗದ ಮುಟ್ಟಿದ ಕೈ ತೊಳೆಯಿರಿ, ಅದರಲ್ಲಿ ಸೀಸವಿದೆ.

ಕೊನೆಗೆ ತುಂಡನ್ನು ಚೊಕ್ಕಮಾಡಿ ಅತಿ ಆಳದ ಕುಳಿಯನ್ನು ಡೆಪ್ತ್ ಗೇಜಿನಿಂದ ಅಳೆಯಿರಿ. ವರ್ನಿಯರಿನ ಹಿಂಬದಿಯ ಕಡ್ಡಿಯಿಂದಲೂ ಅಂದಾಜು ಸಿಗುತ್ತದೆ. ಐಎಸ್ 1239 ಎಂಬ ಭಾರತೀಯ ಮಾನಕದ ಪ್ರಕಾರ ಒಂದು ಇಂಚಿನ ಮಧ್ಯಮ ದರ್ಜೆಯ ಪೈಪಿನ ಗೋಡೆ 3.2 ಮಿಲಿಮೀಟರ್ ದಪ್ಪ. ಆದರೆ ಥ್ರೆಡ್ ಕೊರೆದಲ್ಲಿ ಸುಮಾರು 1.5 ಮಿಲಿಮೀಟರ್ ಹೊರಗಿನಿಂದಲೇ ಹೋಗಿರುತ್ತದೆ, ಉಳಿಯುವುದು 1.7 ಮಾತ್ರ. ಸೋರಿಕೆ ಏಕೆ ಎಲ್ಬೋ, ಸಾಕೆಟ್ಟುಗಳ ಪಕ್ಕದಲ್ಲೇ ಶುರುವಾಗುತ್ತದೆ ಎಂಬುದಕ್ಕೆ ಈ ಕಳೆಯುವ ಲೆಕ್ಕವೇ ಉತ್ತರ, ಆದರೂ ಬೈಗುಳ ತಿನ್ನುವವನು ಪ್ಲಂಬರ್.

ಹಂತ 4: ಸೂಕ್ಷ್ಮಾಣುಗಳ ಎಣಿಕೆ

ಉದ್ಯಮದಲ್ಲಿ ತುಕ್ಕಿನ ವಿಷಯದ ಮಾನಕಗಳನ್ನು ರೂಪಿಸುವ ನೇಸ್ (ಈಗ ಎಎಂಪಿಪಿ) ಸಂಸ್ಥೆಯ ಟಿಎಂ 0194 ಮತ್ತು ಟಿಎಂ 0212 ಎಂಬ ಕ್ರಮಗಳನ್ನು ಅನುಸರಿಸುತ್ತಾರೆ. ಎರಡನೆಯದು ಕೊಳವೆಗಳ ಒಳಮೈಗೆಂದೇ ಇರುವಂಥದು. ಸಾಮಾನ್ಯ ವಿಧಾನ ಹೀಗೆ: 9 ಮಿಲಿಲೀಟರ್ ಪೋಷಕ ದ್ರಾವಣವಿರುವ ಮುಚ್ಚಿದ ಸೀಸೆಗಳ ಸಾಲಿನಲ್ಲಿ ಮೊದಲನೆಯದಕ್ಕೆ 1 ಮಿಲಿಲೀಟರ್ ಮಾದರಿಯನ್ನು ಸಿರಿಂಜಿನಿಂದ ಚುಚ್ಚಿ, ಕುಲುಕಿ, ಹೊಸ ಸಿರಿಂಜಿನಿಂದ ಅದರಿಂದ 1 ಮಿಲಿಲೀಟರ್ ತೆಗೆದು ಎರಡನೆಯದಕ್ಕೆ, ಹೀಗೆ ಮುಂದುವರಿಸಬೇಕು. ಎಸ್‌ಆರ್‌ಬಿ ಬೆಳೆದರೆ ಸೀಸೆ ಕಪ್ಪಾಗುತ್ತದೆ; ಆಮ್ಲಕಾರಕಗಳ ಸೀಸೆ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ನಾಲ್ಕನೆಯ ಸೀಸೆಯವರೆಗೆ ಕಪ್ಪಾದರೆ ಮಾದರಿಯ ಪ್ರತಿ ಮಿಲಿಲೀಟರಿನಲ್ಲಿ ಸಾವಿರದಿಂದ ಹತ್ತು ಸಾವಿರ ಜೀವಿಗಳಿವೆ ಎಂದು ಓದಿಕೊಳ್ಳುತ್ತಾರೆ. ತೀರ್ಮಾನಕ್ಕೆ 28 ದಿನ ಕಾಯಬೇಕು.

ಗೋಬರ್ ಗ್ಯಾಸ್ ಲೈನಿನ ಮಾದರಿಯಲ್ಲಿ ಇಲ್ಲೊಂದು ಮೋಸ ಇದೆ. ಮಾದರಿಯಲ್ಲಿ ಮೊದಲೇ ಕರಗಿರುವ ಹೈಡ್ರೋಜನ್ ಸಲ್ಫೈಡ್ ಸೀಸೆಯಲ್ಲಿನ ಕಬ್ಬಿಣದೊಂದಿಗೆ ಸೇರಿ, ಬ್ಯಾಕ್ಟೀರಿಯಾ ಒಂದೂ ಇಲ್ಲದಿದ್ದರೂ ಮೊದಲ ಸೀಸೆಯನ್ನು ಚುಚ್ಚಿದ ಕೂಡಲೇ ಕಪ್ಪಾಗಿಸುತ್ತದೆ. ಚುಚ್ಚಿದ ಒಂದೆರಡು ಗಂಟೆಗಳೊಳಗೆ ಕಪ್ಪಾದದ್ದನ್ನು ಬೆಳವಣಿಗೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ಮಾದರಿಯನ್ನು ತಂಪಾಗಿಟ್ಟು 24 ಗಂಟೆಯೊಳಗೆ ಚುಚ್ಚಬೇಕು. ಏನನ್ನೂ ಚುಚ್ಚದ ಒಂದು ಸೀಸೆಯನ್ನು ಹೋಲಿಕೆಗೆ ಪಕ್ಕದಲ್ಲಿಡಬೇಕು. ಸೀಸೆಯಲ್ಲಿ ಬೆಳೆಯುವುದು ಇರುವ ಜೀವಿಗಳಲ್ಲಿ ಸಣ್ಣ ಪಾಲು ಎಂಬುದೂ ನೆನಪಿರಲಿ. ದೊಡ್ಡ ಕೊಳವೆಗಳವರು ಈಗ ಡಿಎನ್‌ಎ ಎಣಿಕೆಯನ್ನು ನೆಚ್ಚಿಕೊಳ್ಳುತ್ತಿರುವುದು ಈ ಕಾರಣಕ್ಕೇ. ಒಂದು ಮನೆಯ ಲೈನಿಗೆ ಅಷ್ಟು ಖರ್ಚು ಸಲ್ಲದು.

ಹಂತ 5: ಸೂಕ್ಷ್ಮಾಣುಗಳದೇ ಕೆಲಸವೆ?

ಇಲ್ಲಿ ಅವಸರಪಡುವವರೇ ಹೆಚ್ಚು. ಕಪ್ಪು ಮಡ್ಡಿ ಕಂಡ ಮಾತ್ರಕ್ಕೆ ಬ್ಯಾಕ್ಟೀರಿಯಾ ಎನ್ನುವಂತಿಲ್ಲ, ಏಕೆಂದರೆ ನಮ್ಮ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಗುಂಡಿಯಿಂದಲೇ ಬರುತ್ತದೆ. ಪೈಪಿನಲ್ಲಿ ಒಂದೂ ಜೀವಿಯಿಲ್ಲದಿದ್ದರೂ ಕಬ್ಬಿಣ ಕಪ್ಪಾಗುತ್ತದೆ. ಬ್ಯಾಕ್ಟೀರಿಯಾ ಸಿಕ್ಕ ಮಾತ್ರಕ್ಕೂ ಸಾಲದು, ಸಗಣಿಯ ಸ್ಥಾವರದಲ್ಲಿ ಅವು ಸಿಗದಿದ್ದರೇ ಆಶ್ಚರ್ಯ. ಬಟ್ಟಲೊಳಗೆ ಬಟ್ಟಲಿಟ್ಟಂಥ ಕುಳಿ ಸೂಕ್ಷ್ಮಾಣುಗಳ ಹಸ್ತಾಕ್ಷರ ಎಂಬ ಹಳೆಯ ನಂಬಿಕೆಯೂ ಒಂದೇ ತಾನಾಗಿ ನಿಲ್ಲುವುದಿಲ್ಲ. ಅಂಥ ಕುಳಿಯನ್ನು ಬರೀ ರಾಸಾಯನಿಕ ತುಕ್ಕೂ ಮಾಡಬಲ್ಲದು.

ನಾನು ನೆಚ್ಚುವುದು ಹೋಲಿಕೆಯನ್ನು. ಒಣ ಜಾಗದ ತುಂಡಿಗಿಂತ ಕುಳಿಬಿದ್ದ ಜಾಗದ ಮಡ್ಡಿಯಲ್ಲಿ ಜೀವಿಗಳ ಎಣಿಕೆ ನೂರಾರು ಪಟ್ಟು ಹೆಚ್ಚಿದೆಯೆ? ಲೋಳೆಯಡಿಯಲ್ಲೇ ಕುಳಿಗಳಿದ್ದು, ಅದೇ ನೀರಿನಲ್ಲಿ ನೆನೆದ ಪಕ್ಕದ ಬರಿ ಗೋಡೆ ಸಮತಟ್ಟಾಗಿದೆಯೆ? ನೀರಿನ ಪಿಎಚ್ ಸೌಮ್ಯವಾಗಿದ್ದೂ ಕುಳಿಯ ವೇಗ ಅದಕ್ಕೆ ಹೊಂದದಷ್ಟು ಹೆಚ್ಚಿದೆಯೆ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಸೂಕ್ಷ್ಮಾಣುಗಳನ್ನು ಹೊಣೆ ಮಾಡಬಹುದು. ಗೋಡೆ ಎಲ್ಲೆಡೆ ಒಂದೇ ಸಮನೆ ತೆಳುವಾಗಿದ್ದರೆ ಅದು ಆಮ್ಲದ ಕೆಲಸ.

ಹಂತ 6: ವೇಗವನ್ನು ಅಳೆಯುವುದು

ಅದೇ ಜಾತಿಯ ಉಕ್ಕಿನ ಸಣ್ಣ ಪಟ್ಟಿಯೊಂದನ್ನು ಉಜ್ಜಿ, ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಪ್ಲಾಸ್ಟಿಕ್ ಹಿಡಿಕೆಯಲ್ಲಿ ಪೈಪಿನ ಗೋಡೆಗೆ ತಾಗದಂತೆ ತಗ್ಗಿನ ಟೀಯಲ್ಲಿ ಇಳಿಬಿಡಿ. ಇದಕ್ಕೆ ಕೂಪನ್ ಎನ್ನುತ್ತಾರೆ. ಮೂರು ತಿಂಗಳ ನಂತರ ತೆಗೆದು, ಮಡ್ಡಿ ಕಳೆದು, ಮತ್ತೆ ತೂಗಿ. ಕಳೆದುಹೋದ ಮಿಲಿಗ್ರಾಂಗಳನ್ನು 87.6ರಿಂದ ಗುಣಿಸಿ, ಉಕ್ಕಿನ ಸಾಂದ್ರತೆ 7.86, ಚದರ ಸೆಂಟಿಮೀಟರಿನಲ್ಲಿ ಪಟ್ಟಿಯ ಮೇಲ್ಮೈ ವಿಸ್ತೀರ್ಣ, ಒಳಗಿದ್ದ ಗಂಟೆಗಳು, ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸವೆತ ಎಂದು ಸಿಗುತ್ತದೆ.

ಉದಾಹರಣೆಗೆ 20 ಚದರ ಸೆಂಟಿಮೀಟರಿನ ಪಟ್ಟಿ 90 ದಿನಗಳಲ್ಲಿ 180 ಮಿಲಿಗ್ರಾಂ ಕಳೆದುಕೊಂಡರೆ ಸರಾಸರಿ ಸವೆತ ವರ್ಷಕ್ಕೆ 0.046 ಮಿಲಿಮೀಟರ್. ನೇಸ್‌ನ ಎಸ್‌ಪಿ 0775 ಕೋಷ್ಟಕದಲ್ಲಿ ಇದು ಮಧ್ಯಮ ಎಂಬ ಸಾಲಿಗೆ ಬರುತ್ತದೆ, ನಿದ್ದೆಗೆಡುವಂಥದ್ದೇನಲ್ಲ. ಆದರೆ ಅದೇ ಪಟ್ಟಿಯ ಮೇಲೆ 0.12 ಮಿಲಿಮೀಟರ್ ಆಳದ ಒಂದೇ ಒಂದು ಕುಳಿ ಇದ್ದರೆ ಆ ಕುಳಿಯ ವೇಗ ವರ್ಷಕ್ಕೆ 0.49 ಮಿಲಿಮೀಟರ್. ಕುಳಿಯ ವೇಗ 0.38 ದಾಟಿದ್ದನ್ನೆಲ್ಲ ಅದೇ ಕೋಷ್ಟಕ ತೀವ್ರ ಎನ್ನುತ್ತದೆ. ಹೀಗೆಯೇ ಸಾಗಿದರೆ ಥ್ರೆಡ್ಡಿನಲ್ಲಿ ಉಳಿದ 1.7 ಮಿಲಿಮೀಟರ್ ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ತೂಕ ನೋಡಿ ಕುಳಿ ನೋಡದವರಿಗೆ ಸೂಕ್ಷ್ಮಾಣು ತುಕ್ಕು ಕಾಣಿಸುವುದಿಲ್ಲ.

ಹಂತ 7: ಶುಚಿಗೊಳಿಸುವುದು

ದೊಡ್ಡ ಕೊಳವೆಗಳಲ್ಲಿ ಪಿಗ್ ಎಂಬ ಬಿಗಿಯಾದ ಬಿರಡೆಯನ್ನು ಅನಿಲದ ಒತ್ತಡದಿಂದಲೇ ಓಡಿಸಿ ನೀರು, ಮಡ್ಡಿಗಳನ್ನು ತಳ್ಳಿಸುತ್ತಾರೆ. ನಂತರ ಎರಡು ಪಿಗ್ಗುಗಳ ನಡುವೆ ಗ್ಲುಟರಾಲ್ಡಿಹೈಡ್ ಅಥವಾ ಟಿಎಚ್‌ಪಿಎಸ್‌ನಂಥ ಬಯೋಸೈಡ್ (ಸೂಕ್ಷ್ಮಾಣು ಕೊಲ್ಲುವ ಮದ್ದು) ತುಂಬಿ ಕಳಿಸುತ್ತಾರೆ. ಮಡ್ಡಿ ತೆಗೆಯದೆ ಹಾಕಿದ ಬಯೋಸೈಡ್ ಲೋಳೆಯ ಮೇಲ್ಪದರವನ್ನಷ್ಟೇ ತಟ್ಟುತ್ತದೆ. ಮನೆಯ ಲೈನಿನಲ್ಲಿ ನಾವು ಈ ವಿಧಾನದ ಮೊದಲರ್ಧವನ್ನು ತೆಗೆದುಕೊಂಡು ಎರಡನೆಯದನ್ನು ಬಿಡಬೇಕು. ಕಾರಣ ಸ್ಪಷ್ಟ: ಆ ಮದ್ದು ಹಿಂದಕ್ಕೆ ಹರಿದು ಗುಂಡಿ ಸೇರಿದರೆ ಮೀಥೇನ್ ಮಾಡುವ ಜೀವಿಗಳೇ ಸಾಯುತ್ತವೆ, ತೋಡಿಗೆ ಬಿಟ್ಟರೆ ಕೊನೆಗೆ ಕಾವೇರಿಗೋ ಅದರ ಉಪನದಿಗೋ ಹೋಗುತ್ತದೆ.

ಆದ್ದರಿಂದ ಲೈನನ್ನು ಗುಂಡಿಯಿಂದ ಬೇರ್ಪಡಿಸಿ, ಎಲ್ಬೋಗಳನ್ನು ಬಿಚ್ಚಿ, ಪ್ರತಿ ನೇರ ಭಾಗಕ್ಕೂ ತಂತಿಯ ಮೂಲಕ ನೈಲಾನ್ ಬ್ರಷ್ಷನ್ನು ಎರಡೂ ಕಡೆಯಿಂದ ಎಳೆಯಿರಿ, ಬಿಸಿನೀರಿನಿಂದ ತೊಳೆಯಿರಿ, ಬಟ್ಟೆಯ ಬಿರಡೆ ಎಳೆದು ನೀರು ಒರೆಸಿ, ಗಾಳಿಯೂದಿ ಪೂರ್ತಿ ಒಣಗಿಸಿ. ಬ್ರಷ್ ಎಳೆಯುವಾಗ ಒಳಗೆ ತೇವವಿರಲಿ, ಒಣ ಸಲ್ಫೈಡಿನ ಅಪಾಯವನ್ನು ಆಗಲೇ ಹೇಳಿದ್ದೇನೆ. ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ, ಖಂಡಿತ ಕೂಡದು: ಆಮ್ಲೀಯ ನೀರಿನೊಂದಿಗೆ ಅದು ಕ್ಲೋರಿನ್ ಅನಿಲ ಬಿಡುತ್ತದೆ, ಉಳಿದ ಕ್ಲೋರೈಡ್ ಕುಳಿಗಳನ್ನು ಇನ್ನಷ್ಟು ಕೊರೆಯುತ್ತದೆ. ಗೋಡೆಯ ಅರ್ಧಕ್ಕಿಂತ ಹೆಚ್ಚು ತಿಂದ ಕುಳಿಗಳಿರುವ ತುಂಡನ್ನು ತೊಳೆಯುತ್ತ ಕೂರದೆ ಬದಲಿಸಿಬಿಡಿ.

ಹಂತ 8: ನೀರು ನಿಲ್ಲದಂತೆ ಲೈನನ್ನು ಮರುಜೋಡಿಸುವುದು

ಪ್ರತಿ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಕೊಟ್ಟು, ನೀರು ಗುಂಡಿಗೋ ಟ್ರ್ಯಾಪಿಗೋ ತಾನಾಗಿ ಹರಿಯುವಂತೆ ಕಟ್ಟಬೇಕು. ತಪ್ಪಿಸಲಾಗದ ಪ್ರತಿ ತಗ್ಗಿಗೂ ಒಂದು ಟ್ರ್ಯಾಪ್. ಯು ಆಕಾರದ ನೀರಿನ ಟ್ರ್ಯಾಪ್ ಹಾಕುವುದಾದರೆ ನೀರಿನ ಕಂಬದ ಎತ್ತರ ಸ್ಥಾವರದ ಗರಿಷ್ಠ ಒತ್ತಡಕ್ಕಿಂತ ಹೆಚ್ಚಿರಬೇಕು: ತೇಲುವ ಡ್ರಮ್ಮಿನಲ್ಲಿ ಒತ್ತಡ ಸುಮಾರು ಹತ್ತು ಸೆಂಟಿಮೀಟರ್ ನೀರಿನಷ್ಟಿದ್ದರೆ, ದೀನಬಂಧು ಮಾದರಿಯ ಸ್ಥಿರ ಗುಮ್ಮಟದಲ್ಲಿ ಅದು ಹಲವು ಪಟ್ಟು ಏರುತ್ತದೆ. ಮಾರ್ಚ್–ಏಪ್ರಿಲಿನ ಬಿಸಿಲಿಗೆ ಈ ನೀರು ಆರಿ ಅನಿಲ ಹೊರಬರುವುದುಂಟು, ನೋಡುತ್ತಿರಬೇಕು. ಟ್ರ್ಯಾಪನ್ನು ಹೊಂಡದಲ್ಲಿ ಹೂಳುವುದಕ್ಕಿಂತ ಇಳಿಜಾರಿನ ಬರೆಯಲ್ಲಿ, ನಿಂತುಕೊಂಡೇ ತೆರೆಯಬಹುದಾದ ಎತ್ತರದಲ್ಲಿ ಇಡುವುದು ಕೊಡಗಿನಲ್ಲಿ ಸುಲಭ.

ಇಡೀ ಲೈನನ್ನೇ ಪ್ಲಾಸ್ಟಿಕ್ ಮಾಡಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಒಳಗಿನ ತುಕ್ಕಿನ ಮಟ್ಟಿಗೆ ಅದು ಸರಿ. ಆದರೆ ತೆರೆದಲ್ಲಿ ಹಾಕಿದ ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ, ಕಾಡುಹಂದಿ ಮತ್ತು ಆನೆಯ ದಾರಿಯಲ್ಲಿ ಉಳಿಯುವುದಿಲ್ಲ, ಬೆಂಕಿಯ ಹತ್ತಿರ ಅದು ಸಲ್ಲದು. ನನಗೆ ಸರಿ ಕಾಣುವುದು ಮಿಶ್ರ ವ್ಯವಸ್ಥೆ: ಮಣ್ಣಿನಡಿಯ ಉದ್ದ ಭಾಗಕ್ಕೆ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ನೆಲದಿಂದ ಮೇಲೇಳುವ ಕಡೆ ಮತ್ತು ಅಡುಗೆಮನೆಯ ಗೋಡೆಯ ಬಳಿ ಉಕ್ಕು, ಆ ಉಕ್ಕಿನ ಭಾಗಗಳಲ್ಲಿ ತಗ್ಗೇ ಇರಕೂಡದು.

ಗುಂಡಿಯ ಪಕ್ಕದಲ್ಲೇ, ಉಕ್ಕಿನ ಲೈನು ಶುರುವಾಗುವ ಮೊದಲು, ತುಕ್ಕುಹಿಡಿದ ಕಬ್ಬಿಣದ ಸಿಬಿರು ತುಂಬಿದ ಶೋಧಕ ಇಟ್ಟರೆ ಹೈಡ್ರೋಜನ್ ಸಲ್ಫೈಡ್ ಗಣನೀಯವಾಗಿ ಇಳಿಯುತ್ತದೆ. ಆ ಕ್ರಿಯೆಯಲ್ಲಿ ನೀರೂ ಹುಟ್ಟುವುದರಿಂದ ಶೋಧಕದ ನಂತರ ಒಂದು ಟ್ರ್ಯಾಪ್ ಬೇಕೇ ಬೇಕು. ಸಿಬಿರನ್ನು ಬದಲಿಸುವಾಗ ಅದು ಗಾಳಿ ತಾಗಿ ಕಾಯುತ್ತದೆ, ನೀರು ಹನಿಸುತ್ತಲೇ ಹೊರತೆಗೆಯಿರಿ.

ಹೊಸ ಲೈನಿನ ಸೋರಿಕೆ ನೋಡಲು ತೋಡಿನ ನೀರು ತುಂಬಿಸುವ ಅಭ್ಯಾಸವನ್ನು ಬಿಡಬೇಕು. ದೊಡ್ಡ ಕೊಳವೆಗಳಲ್ಲೂ ಒತ್ತಡ ಪರೀಕ್ಷೆಯ ನೀರು ಒಳಗೆ ಉಳಿದು, ಅನಿಲ ಬಿಡುವ ಮೊದಲೇ ಕುಳಿ ಬಿದ್ದದ್ದುಂಟು. ನಮ್ಮ ಒತ್ತಡಕ್ಕೆ ಗಾಳಿಯೂದಿ ಸಾಬೂನು ನೀರು ಹಚ್ಚಿದರೆ ಸಾಕಾಗುತ್ತದೆ.

ಗುಂಡಿಗೆ ಹಾಕುವುದರಲ್ಲೂ ಶಿಸ್ತು ಬೇಕು. ಪಲ್ಪಿಂಗ್ ನೀರು ಹುಳಿತಾಗ ಪಿಎಚ್ 4ರ ಹತ್ತಿರಕ್ಕಿಳಿಯುವುದರಿಂದ ಅದಕ್ಕೆ ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಬೇರೆ ತೊಟ್ಟಿಯಲ್ಲಿ ನಿಲ್ಲಿಸಿ, ದಿನಕ್ಕಿಷ್ಟು ಎಂದು ಸಣ್ಣ ಪ್ರಮಾಣದಲ್ಲಿ ಬಿಡಬೇಕು. ಅನಿಲ ಹೊರಡುವ ಬಾಯಿಯ ಬಳಿ ಅಗಲವಾದ ಡಬ್ಬಿಯಂಥ ನೊರೆತಡೆ ಕೊಟ್ಟರೆ ಅಪ್ಪಿತಪ್ಪಿ ಏರಿದ ನೊರೆ ಅಲ್ಲೇ ಇಳಿದುಹೋಗುತ್ತದೆ.

ವರ್ಷದ ಪಾಳಿ

ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಇಳಿಜಾರನ್ನೂ ಆಧಾರಕಂಬಗಳನ್ನೂ ನೋಡಿ. ಕಕ್ಕಡದ (ಜುಲೈ–ಆಗಸ್ಟಿನ) ಮಳೆ ಕಳೆದ ಮೇಲೆ ಮಣ್ಣು ಕುಸಿದಿದ್ದರೆ ಟ್ಯೂಬ್ ಲೆವೆಲ್ಲನ್ನು ಮತ್ತೊಮ್ಮೆ ಹಿಡಿಯಿರಿ. ನವೆಂಬರ್–ಡಿಸೆಂಬರಿನ ಸುಗ್ಗಿ ಹಬ್ಬವಾದ ಪುತ್ತರಿಯಿಂದ ಫೆಬ್ರವರಿವರೆಗೆ ಚಳಿಯೂ ಪಲ್ಪಿಂಗೂ ಒಟ್ಟಿಗೆ ಬರುವುದರಿಂದ ಟ್ರ್ಯಾಪಿನ ನೀರನ್ನು ವಾರಕ್ಕೊಮ್ಮೆ ಇಳಿಸಿ, ಎಷ್ಟು ಬಂತು, ಬಣ್ಣ ಹೇಗಿತ್ತು, ಪಿಎಚ್ ಎಷ್ಟು ಎಂದು ಬರೆದಿಡಿ. ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಸಾಕು. ವಾರವಾರ ಬರುತ್ತಿದ್ದ ನೀರು ಚಳಿಗಾಲದ ನಡುವೆ ಹಠಾತ್ತನೆ ನಿಂತರೆ ಸಂತೋಷಪಡಬೇಡಿ, ಟ್ರ್ಯಾಪಿನ ಬಾಯಿ ಕಟ್ಟಿಕೊಂಡಿದೆ.

ತೆಗೆದ ಹಳೆಯ ಪೈಪುಗಳನ್ನು ಗುಜರಿಗೆ ಕೊಡುವ ಮುನ್ನ ಒಳಗಿನ ಮಡ್ಡಿಯನ್ನು ನೀರು ಹೊಯ್ದು ತೊಳೆದುಬಿಡಬೇಕು. ಗುಜರಿಯವರು ಅವನ್ನು ಗ್ಯಾಸ್ ಕಟ್ಟರಿನಿಂದಲೇ ತುಂಡರಿಸುತ್ತಾರೆ. ತೊಳೆದು ಬಂದ ಮಡ್ಡಿಯನ್ನು ಒಣಗಿದ ಎಲೆ, ಕಾಫಿ ಸಿಪ್ಪೆಯ ರಾಶಿಯ ಹತ್ತಿರ ಸುರಿಯದೆ, ಬಾವಿ ಮತ್ತು ತೋಡಿನಿಂದ ದೂರದ ಗುಂಡಿಯಲ್ಲಿ ಒದ್ದೆಯಾಗಿದ್ದಾಗಲೇ ಮಣ್ಣುಮುಚ್ಚಿ.